ಗೂಡಿನಲ್ಲಿಟ್ಟ ಎಡಗಣ್ಣು

ನನಗೊಂದು ಚಟವಿದೆ. ಬೆಳಿಗ್ಗೆ ಕುಡಿಯುವ ನೀರು ತುಂಬಿಟ್ಟ ಮೇಲೆ ಬೆರಳು ಅದ್ದಿ ನಾಲ್ಕು ಹನಿ ನೀರನ್ನು ನಮ್ಮ ಕಬ್ಬಿಣದ ಅಲಮಾರಿಯ ಕೆಳಖಾನೆಗೆ ಚಿಮುಕಿಸುತ್ತೇನೆ. ಮಂತ್ರವಿಲ್ಲ, ಕೈಮುಗಿಯುವುದೂ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಇದನ್ನು ಮನೆತನದ ಪದ್ಧತಿಯೆಂದು ತಿಳಿದು, ನಾನು ಊರಲ್ಲಿಲ್ಲದ ದಿನ ತಾನೇ ಹನಿಸಿದ್ದಳಂತೆ. ಆಮೇಲೊಂದು ದಿನ ಅಲಮಾರಿಯ ತಳ ತುಕ್ಕು ತಿಂದು ಸೀರೆಗಳಿಗೆ ಕಂದು ಕಲೆ ಹತ್ತಿದಾಗ, "ಅತ್ತಿ, ದೇವರಿಗಾದ್ರ ದೇವರ ಮನ್ಯಾಗ ಹನಸ್ರಿ. ಅಲಮಾರಿಗೆ ಜಂಗು ಹಿಡದದ" ಎಂದಳು. ದೇವರಿಗಲ್ಲ ಎಂದೆ. ಮತ್ತೆ ಯಾರಿಗೆ ಎಂದು ಅವಳು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಇವತ್ತಿಗೂ ಅವಳ ಮೇಲೆ ನನಗೊಂದು ಪ್ರೀತಿ ಹೆಚ್ಚು.

ಈಗ ಆ ಕೆಳಖಾನೆಯಲ್ಲಿ ಹಳೇ ಸೀರೆಗಳ ಹೊರತು ಏನೂ ಇಲ್ಲ. ಹೋದ ವರ್ಷದವರೆಗೆ ಇತ್ತು. ಕೈ ಮಾತ್ರ ಇನ್ನೂ ಹೋಗುತ್ತದೆ.

ನಾನು ವಿಜ್ಞಾನದ ಟೀಚರ್ ಆಗಿದ್ದವಳು. ಮೊದಲು ರಾಮಸಮುದ್ರದಲ್ಲಿ, ಆಮೇಲೆ ನಿವೃತ್ತಿಯಾಗುವವರೆಗೆ ಯಾದಗಿರಿಯಲ್ಲಿ. ಹೀಗೆ ಖಾಲಿ ಅಲಮಾರಿಗೆ ನೀರುಣಿಸುವವಳು ಮಕ್ಕಳಿಗೆ ವೈಜ್ಞಾನಿಕ ಮನೋಭಾವ ಕಲಿಸಿದಳು ಎಂದರೆ ನೀವು ನಗಬಹುದು. ನಗಿರಿ. ಮಕ್ಕಳೂ ನಗುತ್ತಿದ್ದರು. ನನಗೆ ಅವರಿಟ್ಟ ಹೆಸರು ಕಪ್ಪಿ ಟೀಚರ್. ಬೆನ್ನೆಲುಬಿರುವ ಪ್ರಾಣಿಗಳ ಪಾಠದಲ್ಲಿ ಮೀನಿಗೆ ಎರಡು ಪೀರಿಯಡ್, ಹಕ್ಕಿಗೆ ಮೂರು ಪೀರಿಯಡ್ ಕೊಡುತ್ತಿದ್ದ ನಾನು ಉಭಯವಾಸಿಗಳು ಬಂದಾಗ ಬಸ್ಸು ತಪ್ಪುತ್ತದೆಯೇನೋ ಎನ್ನುವಂತೆ ಓಡಿಸಿಬಿಡುತ್ತಿದ್ದೆ. ಪ್ರಯೋಗಶಾಲೆಯ ಗಾಜಿನ ಭರಣಿಯಲ್ಲಿ ಒಂದು ಕಪ್ಪೆ ಕಣ್ಣು ತೆರೆದುಕೊಂಡು ತೇಲುತ್ತಿತ್ತು. ಅದನ್ನು ಎತ್ತಿ ತೋರಿಸುವ ಕೆಲಸ ಜವಾನರದು. ನಾನು ಆ ಹೊತ್ತಿನಲ್ಲಿ ಕಿಟಕಿ ಕಡೆ ನಿಂತು, "ನೋಡಿದಿರೇನು? ಎಲ್ಲರೂ ನೋಡಿದಿರೇನು?" ಎಂದು ಕೇಳುತ್ತಿದ್ದೆ. ಟೀಚರಿಗೆ ಕಪ್ಪೆ ಎಂದರೆ ಅಂಜಿಕೆ ಎಂದು ಮಕ್ಕಳು ತಿಳಿದರು. ತಿಳಿಯಲಿ ಎಂದು ಬಿಟ್ಟೆ. ನನ್ನ ಅಂಜಿಕೆ ಅಷ್ಟು ಚಿಕ್ಕ ಪ್ರಾಣಿಯದಾಗಿರಲಿಲ್ಲ.

ನನ್ನ ತಾಯಿಯ ತವರುಮನೆ ಸುರಪುರಕ್ಕೆ ಹತ್ತಿಕೊಂಡೇ ಇರುವ ರಂಗಂಪೇಟೆ. ಬೇಸಿಗೆ ರಜೆ ಪೂರ್ತಿ ನಾವು ಅಲ್ಲೇ. ಮನೆಯಲ್ಲಿ ನಾವು ಆಯಿ ಎನ್ನುತ್ತಿದ್ದ ಅಜ್ಜಿ, ತಾಯಿಯ ತಮ್ಮ ಚಂದಪ್ಪ ಮಾಮಾ, ಅವನ ಹೆಂಡತಿ ನಿಂಗಮ್ಮ ಅತ್ತಿ. ಮೂವತ್ತು ನಲವತ್ತು ಕುರಿ, ಊರ ಹೊರಗೆ ಮಳೆಗೇ ಬಾಯಿ ತೆರೆದುಕೊಂಡಿರುವ ಹೊಲ. ಮಾಮಾ ಕುರಿ ಹಿಂಡಿನ ಜೊತೆ ತಿರುಗುತ್ತ ತಿರುಗುತ್ತಲೇ ಅಡುಗೆ ಕಲಿತವನು. ಮೂರು ಕಲ್ಲಿನ ಒಲೆ, ಒಂದು ಗಡಿಗೆ ಕೊಟ್ಟರೆ ಹತ್ತು ಮಂದಿಗೆ ಉಣಿಸುವನು. ನಾನು ಒಂಬತ್ತರವಳಿದ್ದಾಗ ಶಹಾಪುರದ ಕಡೆ ಕಲ್ಲು ಮಣ್ಣು ಪರೀಕ್ಷೆ ಮಾಡುವವರ ತಂಡವೊಂದು ಡೇರೆ ಹಾಕಿತ್ತು. ಅವರ ಜೀಪಿನ ಡ್ರೈವರ್ ಮಾಮಾನ ಗೆಳೆಯ. ಮಾಮಾನ ಕೈಯ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡ ಸಾಹೇಬರು ಇಲ್ಲಿಂದ ಡೇರೆ ಕಿತ್ತು ಗೋದಾವರಿ ದಂಡೆಯ ಕಡೆ ಹೊರಟಾಗ ಅವನನ್ನೂ ಜೀಪಿನಲ್ಲಿ ಕೂಡಿಸಿಕೊಂಡು ಹೋದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅತ್ತಿ ಬಾಗಿಲಲ್ಲಿ ನಿಂತು ನೋಡಿದಳಂತೆ, ಅಷ್ಟೇ.

ಐದಾರು ತಿಂಗಳಿಗೆ ಮಾಮಾ ಮರಳಿ ಬಂದ. ಗೋಣಿತಟ್ಟಿನಲ್ಲಿ ಸುತ್ತಿದ ಒಂದು ವಸ್ತು ತಂದ. ಅದನ್ನು ಪಡಸಾಲೆಯ ನೀರಿನ ಗಡಿಗೆಗಳ ಮೇಲಿದ್ದ ಗೋಡೆಯ ಗೂಡಿನಲ್ಲಿ ಇಟ್ಟ.

ಮುಂದಿನ ಬೇಸಿಗೆಗೆ ನಾನು ಹೋದಾಗ ಅದು ಅಲ್ಲಿತ್ತು. ಅಂಗೈ ಅಗಲ, ಕಂದುಗೆಂಪು, ಮೇಲೆಲ್ಲ ಒಣಮಣ್ಣಿನಲ್ಲಿ ದಪ್ಪ ಹನಿ ಬಿದ್ದಂತೆ ಗುಳಿ ಗುಳಿ. ನಡುವೆ ಎರಡು ಬೆರಳು ಹೋಗುವಷ್ಟು ಒಂದು ತೂತು. ಒಂದು ಬದಿ ಹೊಸದಾಗಿ ಮುರಿದದ್ದು, ಅಲ್ಲಿ ಬೆಳ್ಳಗೆ ಗೆರೆ. ನೋಡಿದರೆ ಹೆಂಚಿನ ಚೂರು ಎನ್ನಬೇಕು. ಎತ್ತಿದರೆ ಮಾತ್ರ ಕೈ ಕೆಳಗೆ ಜಗ್ಗುವಷ್ಟು ಭಾರ. ಹೊರಗೆ ಕಲ್ಲುಬಂಡೆ ಕಾದು ನಾಯಿಗಳು ಕಾಲು ಎತ್ತಿ ಎತ್ತಿ ನಡೆಯುವ ಬೇಸಿಗೆಯಲ್ಲೂ ಅದು ತಣ್ಣಗಿರುತ್ತಿತ್ತು. ನೀರಿನ ಗಡಿಗೆ ಪಕ್ಕದಲ್ಲಿದ್ದ ಯಾವುದೇ ಕಲ್ಲೂ ತಣ್ಣಗಿರುತ್ತದೆ ಎಂದು ಈಗ ನಾನು ವಿವರಿಸಬಲ್ಲೆ. ಆಗ ವಿವರಿಸಲು ಬರುತ್ತಿರಲಿಲ್ಲ. ಮಾಮಾ ದಿನಾ ಬೆಳಿಗ್ಗೆ ಗಡಿಗೆಯಲ್ಲಿ ಬೆರಳು ಅದ್ದಿ ಅದಕ್ಕೆ ನೀರು ಹನಿಸುತ್ತಿದ್ದ. ಆಮೇಲೆಯೇ ತಾನು ಕುಡಿಯುವುದು.

ಅದು ಎಲುಬು ಎಂದು ಹೇಳಿದ. ಯಾವಾಗಿನದು ಎಂದರೆ ಮನುಷ್ಯ ಹುಟ್ಟುವುದಕ್ಕಿಂತ ಎಷ್ಟೋ ಮೊದಲಿನದು, ಕಲ್ಲಾಗಿಹೋಗಿದೆ ಎಂದ. ಪ್ರಾಣಿ ಎತ್ತಿನ ಬಂಡಿಯಷ್ಟು ಉದ್ದ, ತಲೆ ಮೊರದ ಹಾಗೆ ಚಪ್ಪಟೆ. ಕಣ್ಣು ನಮ್ಮ ಹಾಗೆ ಮುಂದೆ ಇಲ್ಲ, ತಲೆಯ ಮೇಲಿವೆ. ಯಾಕೆಂದರೆ ಅದು ಕೆಸರಿನಲ್ಲಿ ಹೂತುಕೊಂಡು ಕಣ್ಣಷ್ಟೇ ಹೊರಗಿಟ್ಟು ಕಾಯುತ್ತದೆ. ಎಷ್ಟು ಹೊತ್ತು ಎಂದು ನಾನು ಕೇಳಿದೆ. ಮಾಮಾ ಲೆಕ್ಕ ಹಾಕುವವನಂತೆ ಬೆರಳು ಮಡಚಿ, "ಅದಕ್ಕ ಹೊತ್ತು ಅಂಬೋದು ಇಲ್ಲ" ಎಂದ.

ನೀರಲ್ಲೂ ನೆಲದ ಮೇಲೂ ಇರುವ, ಕಪ್ಪೆಯ ದೂರದ ನೆಂಟ ಅದು ಎಂದು ಸಾಹೇಬರು ಅವನಿಗೆ ಹೇಳಿದ್ದರಂತೆ. ಹೀಗಾಗಿ ಉಭಯವಾಸಿಗಳ ಪಾಠ ನನಗೆ ಶಾಲೆಗಿಂತ ಮೊದಲು ರಂಗಂಪೇಟೆಯ ಪಡಸಾಲೆಯಲ್ಲೇ ಆಯಿತು. ಅಂಥ ಪಾಠ ನಾನು ಯಾರಿಗೂ ಮಾಡಲಾರದೆ ಹೋದೆ.

ಎರಡು ಮಾತು ಮಾತ್ರ ಮಾಮಾ ಕಟ್ಟುನಿಟ್ಟಾಗಿ ಹೇಳಿದ್ದ. ತೂತಿನಲ್ಲಿ ಬೆರಳು ಹಾಕಬಾರದು. ಒಳಮೈ ಕಡೆಯಿಂದ ಕಣ್ಣಿಟ್ಟು ಹೊರಗೆ ನೋಡಬಾರದು. ಹೊರಗಿಂದ ಒಳಗೆ ಎಷ್ಟು ಬೇಕಾದರೂ ನೋಡು. "ಆ ಕಡಿಂದ ನೋಡೋದು ಅದರ ಕೆಲಸ" ಎನ್ನುತ್ತಿದ್ದ.

ರಜೆ ಮುಗಿದು ಯಾದಗಿರಿಗೆ ಮರಳುವಾಗ ಶಹಾಪುರದಲ್ಲಿ ಬಸ್ಸು ನಿಲ್ಲುತ್ತದೆ. ಅಲ್ಲಿಯ ಗುಡ್ಡದ ಸಾಲು ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುತ್ತದೆ, ನಿಮಗೂ ಯಾರಾದರೂ ತೋರಿಸಿರುತ್ತಾರೆ. ಹಣೆ, ಮೂಗು, ಗದ್ದ, ಎದೆ. ಆ ವರ್ಷ ನಮ್ಮ ಅವ್ವ ಕಿಟಕಿಯಿಂದ ಬೆರಳು ಮಾಡಿ ತೋರಿಸಿದಳು. ನನಗೆ ಮನುಷ್ಯ ಕಾಣಲಿಲ್ಲ. ನೀರು ಇಂಗಿಹೋದ ಕೆರೆಯ ತಳದಲ್ಲಿ ಚಪ್ಪಟೆಯಾಗಿ ಮಲಗಿ, ನೀರು ಮತ್ತೆ ಬರುವುದನ್ನು ಕಾಯುತ್ತಿರುವ ಏನೋ ಒಂದು ಕಂಡಿತು. ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿದೆ. ಬಸ್ಸಿನ ವಾಸನೆ ಹಿಡಿಸಲಿಲ್ಲವೇನೋ ಎಂದು ಅವಳು ಲಿಂಬೆಹಣ್ಣು ಕೊಟ್ಟಳು. ಇವತ್ತಿಗೂ ಆ ದಾರಿಯಲ್ಲಿ ನಾನು ಕಿಟಕಿಯ ಸೀಟು ಬೇರೆಯವರಿಗೆ ಬಿಟ್ಟುಕೊಡುತ್ತೇನೆ. ನನ್ನನ್ನು ಉಪಕಾರಿ ಹೆಂಗಸು ಎಂದುಕೊಳ್ಳುತ್ತಾರೆ.

ಅದರ ಮುಂದಿನ ಬೇಸಿಗೆಯ ಸಂಗತಿ ಈಗ ಹೇಳಬೇಕು. ಅತ್ತಿಗೆ ಆಗ ಐದು ತಿಂಗಳು. ಮಾಮಾ ಹೆಚ್ಚು ಮಾತಾಡುತ್ತಿರಲಿಲ್ಲ. ಕುರಿಗಳನ್ನು ಬಿಟ್ಟು ಬಂದು ಮಧ್ಯಾಹ್ನ ಎಲ್ಲಿಗೋ ಹೋಗುತ್ತಿದ್ದ, ಹೊತ್ತು ಇಳಿದ ಮೇಲೆ ತೊಯ್ದ ಧೋತರದಲ್ಲಿ ಬರುತ್ತಿದ್ದ. ಕೈಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಆಯಿ ಬೈದಳು, ಬಿಟ್ಟಳು. ನಮ್ಮ ಹೊಲದಲ್ಲಿ ಕಲ್ಲು ಮೆಟ್ಟಿಲಿನ ಹಳೇ ಬಾವಿಯೊಂದಿತ್ತು. ಬೇಸಿಗೆಯಲ್ಲಿ ಅದರ ನೀರು ಆಳೆತ್ತರಕ್ಕೆ ಇಳಿಯುತ್ತಿತ್ತು. ಅಲ್ಲಿ ಈಸಲು ಹೋಗುತ್ತಾನೆ ಎಂದು ನಾವು ಮಕ್ಕಳು ಅಂದುಕೊಂಡಿದ್ದೆವು. ಓಣಿಯ ಹೆಂಗಸರು ಬೇರೆ ಏನೋ ಅಂದುಕೊಂಡಿದ್ದರು. ನಾನು ಹತ್ತಿರ ಹೋದಾಗ ಮಾತು ನಿಲ್ಲುತ್ತಿತ್ತು.

ಒಂದು ದಿನ ಊಟದ ಹೊತ್ತಿಗೆ ಅತ್ತಿ ನನ್ನನ್ನು ಅಡುಗೆಮನೆಗೆ ಕರೆದಳು. ಆ ಎಲುಬನ್ನು ಗೋಣಿತಟ್ಟಿನ ಸಮೇತ ನನ್ನ ಲಂಗದ ಮಡಿಲಿಗೆ ಹಾಕಿದಳು. ಅದು ಬಿದ್ದ ಭಾರಕ್ಕೆ ಲಂಗದ ಲಾಡಿ ಸೊಂಟಕ್ಕೆ ಕೊರೆಯಿತು.

"ಬಾವ್ಯಾಗ ಒಗದು ಬಾ, ಶಾಂತಾ. ನಿಮ್ಮ ಮಾಮಾ ಕುರಿ ಹೊಡಕೊಂಡು ಗುಡ್ಡದ ಕಡಿ ಹೋಗ್ಯಾರ. ನನಗ ಈ ಹೊಟ್ಟಿ ಹೊತ್ತು ಅಷ್ಟು ಪಾವಟಗಿ ಇಳ್ಯಾಕ ಆಗಂಗಿಲ್ಲ."

ಮಡಿಲು ಬಿಗಿಯಾಗಿ ಹಿಡಿದು ಹೊರಟೆ. ಅವಳ ಮುಖ ಹಾಗಿತ್ತು.

ಹೊಲದಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಬಾವಿಯ ಹತ್ತು ಹನ್ನೆರಡು ಮೆಟ್ಟಿಲು ಇಳಿದೆ. ಕೆಳಗೆ ನೆರಳು, ಹಸಿರು ನೀರು, ತಂಪು. ಎಸೆದುಬಿಡಬೇಕಿತ್ತು. ಆದರೆ ಎಸೆದರೆ ಇನ್ನು ಯಾವತ್ತೂ ಸಿಗುವುದಿಲ್ಲವಲ್ಲ ಎನ್ನಿಸಿತು. ಬೇಡ ಎಂದದ್ದನ್ನು ಮಾಡುವುದಕ್ಕೆ ಇದೊಂದೇ ಅವಕಾಶ ಎಂದು ಹನ್ನೊಂದು ವರ್ಷದ ಬುದ್ಧಿ ಹೇಳಿತು. ತಟ್ಟು ಬಿಚ್ಚಿ, ಒಳಮೈ ಕಡೆಯಿಂದ ಕಣ್ಣಿಟ್ಟು, ತೂತಿನಿಂದ ಬಾವಿಯ ನೀರು ನೋಡಿದೆ.

ದುಂಡನೆಯ ತೂತಿನ ಸರಿಯಾಗಿ ನಡುವೆ ಎರಡು ಕಣ್ಣಿದ್ದವು. ನೀರಿನ ಮೇಲೆ ಕಣ್ಣು, ಹಣೆ, ನೀರಿಗೆ ಅಂಟಿದ ಕೂದಲು, ಅಷ್ಟೇ. ಮೂಗು ಬಾಯಿ ನೀರಿನೊಳಗೆ. ಅವು ನನ್ನನ್ನೇ ನೋಡುತ್ತಿದ್ದವು, ರೆಪ್ಪೆ ಬಡಿಯದೆ. ಬಲಗೈ ಮುಂದೆ ಚಾಚಿಕೊಂಡು ಬಾವಿಯ ಗೋಡೆಯ ಒಂದು ಸಂದಿಯನ್ನು ಹಿಡಿದಿತ್ತು. ಉಸಿರಿಗೆಂದು ಮುಖ ಒಂದಿಷ್ಟು ಮೇಲೆದ್ದಿತು, ಮೂಗಿನ ಹೊಳ್ಳೆ ಕಂಡವು, ಮತ್ತೆ ಇಳಿಯಿತು. ನೀರಿನಲ್ಲಿ ಒಂದು ಉಂಗುರವೂ ಏಳಲಿಲ್ಲ. ಆ ಹಣೆಯ ಮೇಲೆ ನನಗೆ ಗೊತ್ತಿದ್ದ ಹಳೇ ಗಾಯದ ಗುರುತು ನೋಡಿ ಇದು ನಮ್ಮ ಚಂದಪ್ಪ ಮಾಮಾ ಎಂದು ತಿಳಿಯಿತು. ಆದರೆ ಆ ಕಣ್ಣಿಗೆ ನಾನು ಶಾಂತಾ ಎಂದು ತಿಳಿಯಲಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು, ತನ್ನ ಅಕ್ಕನ ಮಗಳನ್ನು, ಏನೋ ಒಂದು ಬಂದು ನಿಂತಿದೆ ಎನ್ನುವಂತೆ ನೋಡುತ್ತಿದ್ದ.

ಎಲುಬನ್ನು ಮಡಿಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಓಡಿದೆ.

"ಒಗದಿ?" ಅತ್ತಿ ಕೇಳಿದಳು.

"ಒಗದೆ" ಎಂದೆ.

ಅಷ್ಟರಲ್ಲಿ ಅದನ್ನು ಹಿತ್ತಲ ಸಗಣಿ ಕುಳ್ಳಿನ ಬಣವೆಯೊಳಗೆ ತುರುಕಿಯಾಗಿತ್ತು. ರಜೆ ಮುಗಿದಾಗ ನನ್ನ ಬಟ್ಟೆಗಂಟಿನಲ್ಲಿ ಯಾದಗಿರಿಗೆ ಬಂತು. ಎಸೆದಿದ್ದರೆ ಅದು ಹೋಗಿ ಮಾಮಾನ ಕಾಲ ಬಳಿಯೇ ಬೀಳುತ್ತಿತ್ತು ಎಂದಷ್ಟೇ ಗೊತ್ತಿತ್ತು. ಅವರಿಬ್ಬರನ್ನು ಆ ನೀರಿನಲ್ಲಿ ಕೂಡಿಸಿ ಬರಲು ನನಗೆ ಧೈರ್ಯ ಸಾಲಲಿಲ್ಲ.

ಮಾಮಾ ಮನೆ ತಲೆಕೆಳಗು ಮಾಡಿ ಹುಡುಕುತ್ತಾನೆ, ಅತ್ತಿಯನ್ನು ಹೊಡೆಯುತ್ತಾನೆ ಎಂದು ಅಂಜಿದ್ದೆ. ಹುಡುಕಲಿಲ್ಲ. ಯಾರನ್ನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ಗಡಿಗೆಯಲ್ಲಿ ಬೆರಳು ಅದ್ದಿ ಖಾಲಿ ಗೂಡಿಗೆ ನಾಲ್ಕು ಹನಿ ಚಿಮುಕಿಸಿದ. ಅದರ ಮರುದಿನವೂ ಚಿಮುಕಿಸಿದ. ಅತ್ತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನೋಡಿದಳು. ಇದ್ದಾಗ ಅವಳಿಗೆ ಆ ಎಲುಬಿನ ಅಂಜಿಕೆಯಿತ್ತು, ಈಗ ಗೂಡಿನ ಅಂಜಿಕೆ. ಅಲ್ಲಿ ದೀಪ ಇಟ್ಟು ನೋಡಿದಳು, ಉಪ್ಪಿನ ಭರಣಿ ಇಟ್ಟು ನೋಡಿದಳು. ಮಾಮಾ ಅವುಗಳನ್ನು ಸರಿಸಿ ಹಿಂದಿನ ಗೋಡೆಗೇ ಹನಿಸುತ್ತಿದ್ದ. ಆ ಬಾವಿಯ ನೀರನ್ನು ಅತ್ತಿ ಅವತ್ತಿನಿಂದ ಮುಟ್ಟಲಿಲ್ಲ. ಬಸಿರು ಹೊಟ್ಟೆಯಲ್ಲಿ ಅರ್ಧ ಊರು ದಾಟಿ ಬೇರೆಯವರ ಬಾವಿಯಿಂದ ಹೊತ್ತು ತಂದಳು. ನನ್ನ ಒಂದು ಸುಳ್ಳಿಗೆ ಅವಳು ಹೊತ್ತ ಕೊಡಗಳು ಎಷ್ಟೋ.

ಬಾವಿಗೆ ಹೋಗುವುದನ್ನು ಮಾಮಾ ಇನ್ನೂ ಕೆಲವು ವರ್ಷ ಬಿಡಲಿಲ್ಲ. ನಾರಾಯಣಪುರದ ಕಾಲುವೆ ನೀರು ನಮ್ಮ ಕಡೆ ಬಂದು, ಸುತ್ತಲ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ನೆಲ ಬಸಿದು ಬಾವಿ ಕಂಠಮಟ ತುಂಬಿತು. ಅವತ್ತು ಮಾಮಾ ಮುಳುಗದೆ ಉಳಿದ ಮೆಟ್ಟಿಲಲ್ಲಿ ನಿಂತು ನೀರಿಗೆ ಒಂದು ಕಾಲು ಇಳಿಬಿಟ್ಟು, ತೆಗೆದು, ಮನೆಗೆ ಬಂದನಂತೆ. ಕಾಲಿಗೆ ನೆಲ ಹತ್ತುವುದಿಲ್ಲ ಎಂದನಂತೆ. ಮತ್ತೆ ಹೋಗಲಿಲ್ಲ. ಆ ವರ್ಷದ ಮಳೆಗಾಲದಿಂದ ಗದ್ದೆಗಳಲ್ಲಿ ಕಪ್ಪೆಗಳ ಕೂಗು ಶುರುವಾಯಿತು. ಅಂಥ ಕೂಗನ್ನು ನಮ್ಮ ಒಣನೆಲ ಅದಕ್ಕೆ ಮೊದಲು ಕೇಳಿರಲಿಲ್ಲ. ಸಂಜೆ ಅದು ಏಳುತ್ತಿದ್ದ ಹಾಗೆ ಮಾಮಾ ಮಾತು ನಿಲ್ಲಿಸಿ ತಲೆ ಓರೆ ಮಾಡುತ್ತಿದ್ದ, ಪರಿಚಯದವರು ಹೊರಗೆ ಕರೆದಂತೆ.

ನಾನು ಓದಿದೆ, ಟೀಚರಾದೆ, ಮದುವೆಯಾದೆ. ಎಲುಬು ಟ್ರಂಕಿನಿಂದ ಟ್ರಂಕಿಗೆ, ಕೊನೆಗೆ ಅಲಮಾರಿಗೆ ಬಂತು. ಗಂಡನಿಗೆ ಇದು ಪಾಠಕ್ಕೆ ಬೇಕಾದ ಕಲ್ಲು ಎಂದಿದ್ದೆ. ಅದು ಏನೆಂದು ತಿಳಿದವರಿಗೆ ಬರೆದು ಕೇಳಬಹುದಿತ್ತು. ಬರೆದರೆ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ವಿಜ್ಞಾನದ ಟೀಚರು ವಿಜ್ಞಾನದಿಂದಲೇ ತಪ್ಪಿಸಿಕೊಂಡು ತಿರುಗಿದಳು. ತೂತಿನಲ್ಲಿ ಮತ್ತೆ ಯಾವತ್ತೂ ಕಣ್ಣಿಡಲಿಲ್ಲ.

ಮಾಮಾಗೆ ವಯಸ್ಸಾದ ಮೇಲೆ ಕಣ್ಣಿಗೆ ಪೊರೆ ಬಂತು. ಯಾದಗಿರಿಯಲ್ಲಿ ಎಡಗಣ್ಣಿನ ಆಪರೇಷನ್ ಮಾಡಿಸಿ, ಹತ್ತು ದಿನ ನಮ್ಮಲ್ಲೇ ಇಟ್ಟುಕೊಂಡೆ. ಜಾಗ ಇದ್ದದ್ದು ಅಲಮಾರಿಯ ಕೋಣೆಯಲ್ಲಿ. ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಅವನು ಮಂಚದ ಮೇಲೆ ಕೂತಿರುತ್ತಿದ್ದ. ಮುಖ ಸದಾ ಅಲಮಾರಿಯ ಕಡೆ. ಕಿಟಕಿಯ ಬೆಳಕು ಕಣ್ಣಿಗೆ ಕುಕ್ಕುತ್ತದೆಯೇನೋ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕನೇ ದಿನವೋ ಐದನೇ ದಿನವೋ ಔಷಧ ಹಾಕಲು ಹೋದಾಗ ತಲೆ ಹಿಂದಕ್ಕೆ ವಾಲಿಸಿಕೊಂಡೇ ಅವನು ಕೇಳಿದ:

"ಅದಕ್ಕ ನೀರು ಹನಸ್ತಿಯೇನು, ಶಾಂತಾ?"

ನನ್ನ ಕೈಯ ಔಷಧ ಅವನ ಕೆನ್ನೆಯ ಮೇಲೆ ಬಿತ್ತು. ಇಲ್ಲ ಎಂದೆ. ಯಾವುದಕ್ಕೆ ಎಂದು ಕೇಳಬಹುದಿತ್ತು, ಕೇಳುವ ನಾಟಕ ಆಗಲಿಲ್ಲ.

"ಹನಸು. ಬಾಯಿ ಒಣಗತದ ಅದಕ್ಕ."

ತೆಗೆದು ಕೊಡಲೇ ಎಂದೆ. ಅಲಮಾರಿಯ ಬಾಗಿಲಿಗೆ ಕೈ ಹಾಕಿದ್ದೆ. ಮಾಮಾ ತನ್ನ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡು ಕಂಬಳಿಯೊಳಗೆ ಸೇರಿಸಿದ.

"ಬ್ಯಾಡ. ನನ್ನ ಕೈಗೆ ಕೊಡಬ್ಯಾಡ. ಈ ಕೈ ಅದನ್ನ ಬಿಡಂಗಿಲ್ಲ."

ಮುಂದೆ ಆ ಮಾತು ಬರಲಿಲ್ಲ. ಅವತ್ತು ಬಾವಿಯಿಂದ ಅವನು ನನ್ನನ್ನು ನೋಡಿ ಗುರುತು ಹಿಡಿದಿದ್ದನೇ, ಇಲ್ಲವೇ ಆಮೇಲೆ ಊಹಿಸಿದನೇ, ಈ ನಲವತ್ತು ವರ್ಷ ಯಾಕೆ ಸುಮ್ಮನಿದ್ದ, ನಾನು ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆಯಿಂದ ನಾನು ಹನಿಸತೊಡಗಿದೆ. ಅದಾದ ಎರಡು ವರ್ಷಕ್ಕೆ ಮಾಮಾ ತೀರಿಕೊಂಡ. ಜ್ವರ ಬಂತು, ನಾಲ್ಕು ದಿನ ಮಲಗಿದ, ಹೋದ. ಮಣ್ಣು ಕೊಡುವಾಗ ಅತ್ತಿ ಒಂದೇ ಮಾತಿಗೆ ಹಟ ಹಿಡಿದಳು. ಮುಖದ ಮೇಲೆ ಮಣ್ಣು ಹಾಕುವುದು ಎಲ್ಲಕ್ಕಿಂತ ಕೊನೆಗೆ, ಅದೂ ಮೆಲ್ಲಗೆ, ಗುದ್ದಲಿಯಿಂದಲ್ಲ ಕೈಯಿಂದ. ಮುದುಕಿಯ ದುಃಖ ಎಂದುಕೊಂಡು ಅವಳು ಹೇಳಿದ ಹಾಗೆಯೇ ಮಾಡಿದರು.

ಹೋದ ವರ್ಷ ಒಂದು ಭಾನುವಾರ ಪೇಪರಿನಲ್ಲಿ ಫೋಟೋ ಬಂತು. ಗೋದಾವರಿ ಕಣಿವೆಯಲ್ಲಿ ಹಿಂದೆ ಯಾವಾಗಲೋ ಅಗೆದು ತಂದು ಉಗ್ರಾಣದಲ್ಲಿಟ್ಟಿದ್ದ ಪಳೆಯುಳಿಕೆಯನ್ನು ಸಂಗ್ರಹಾಲಯದವರು ಈಗ ಬಿಡಿಸಿ, ಸ್ವಚ್ಛ ಮಾಡಿ, ಜೋಡಿಸಿದ್ದಾರೆ. ಕೋಟ್ಯಂತರ ವರ್ಷಗಳ ಹಿಂದಿನ ದೈತ್ಯ ಉಭಯವಾಸಿ. ಮೊರದಂಥ ತಲೆ. ಮೈತುಂಬ ಗುಳಿ. ಬಲಗಣ್ಣಿನ ಜಾಗದಲ್ಲಿ ದುಂಡನೆಯ ತೂತು, ಎಡಗಣ್ಣಿನ ಜಾಗದಲ್ಲಿ ಸುಣ್ಣ ಬಳಿದಂಥ ಬಿಳಿ ತೇಪೆ. ಆಪರೇಷನ್ ಮಾಡಿಸಿಕೊಂಡು ಕೂತ ಮಾಮಾನನ್ನು ಕಂಡ ಹಾಗಾಯಿತು. ಚಹಾ ಆರಿಹೋಯಿತು. ಸೊಸೆ ಬಂದು ಲೋಟ ತೆಗೆದುಕೊಂಡು ಹೋದದ್ದೂ ನನಗೆ ತಿಳಿಯಲಿಲ್ಲ.

ಮರುದಿನ ಎಲುಬನ್ನು ಟವೆಲ್ಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಸುರಪುರದ ಬಸ್ಸು ಹತ್ತಿದೆ. ಭೀಮೆ ದಾಟಿತು, ಶಹಾಪುರ ಬಂತು. ಚೀಲ ತೊಡೆಯ ಮೇಲೆ ಕೂಸಿನ ಹಾಗೆ ಭಾರವಾಗಿತ್ತು. ಶಹಾಪುರ ದಾಟಿದ ಮೇಲೆ ಎರಡೂ ಕಡೆ ನೀರು ನಿಂತ ಗದ್ದೆ. ಟವೆಲ್ಲು ತೊಯ್ದದ್ದು ಆಗ ಕೈಗೆ ಹತ್ತಿತು. ಅದೇ ಚೀಲದಲ್ಲಿ ನೀರಿನ ಬಾಟಲಿಯೂ ಇತ್ತು, ಮುಚ್ಚಳ ಸಡಿಲಾಗಿತ್ತು ಎಂದು ಆಮೇಲೆ ನೋಡಿಕೊಂಡೆ. ಆಮೇಲೆ ನೋಡಿಕೊಂಡದ್ದರಿಂದ ಆ ಹೊತ್ತಿನ ಎದೆಬಡಿತವೇನೂ ಕಡಿಮೆಯಾಗಲಿಲ್ಲ.

ಅತ್ತಿ ಈಗ ಕಿರಿಮಗನ ಜೊತೆ ಇದ್ದಾಳೆ. ಅವನದು ರಂಗಂಪೇಟೆಯಲ್ಲಿ ಟೇಲರ್ ಅಂಗಡಿ. ಮನೆತುಂಬ ಮೊಮ್ಮಕ್ಕಳು, ಬಟ್ಟೆಯ ಚೂರು, ಮಿಷಿನ್ನಿನ ಸದ್ದು. ಎಲ್ಲರೂ ಅಂಗಡಿಗೆ, ಶಾಲೆಗೆ ಹೋಗುವವರೆಗೆ ಕಾದೆ. ಆಮೇಲೆ ಅವಳ ಮುಂದೆ ಟವೆಲ್ಲು ಬಿಚ್ಚಿ, ಅವತ್ತು ಬಾವಿಗೆ ಎಸೆಯಲಿಲ್ಲ, ಸುಳ್ಳು ಹೇಳಿದೆ ಎಂದೆ.

ಅತ್ತಿ ಬೈಯಲಿಲ್ಲ. ಅದನ್ನು ಎತ್ತಿಕೊಂಡು, ನಾನು ತಡೆಯುವುದರೊಳಗೆ, ತೂತಿನಲ್ಲಿ ಎರಡು ಬೆರಳು ಹಾಕಿ ಮುಷ್ಟಿ ಹಿಡಿದಳು. ಮುರಿದ ಬದಿ ಅವಳ ಅಂಗೈಗೆ ಸರಿಯಾಗಿ ಕೂತಿತು.

"ಹಿಂಗ ಹಿಡಿದಿದ್ರು ನೋಡು" ಎಂದಳು.

ಆಗ ಅವಳು ಹೇಳಿದ್ದು ಇಷ್ಟು. ಗೋದಾವರಿ ದಂಡೆಯಲ್ಲಿ ಆ ತಲೆ ಕಂಡು ಸುತ್ತ ಆಳವಾಗಿ ತಗ್ಗು ತೋಡಿದ್ದರು. ಅಕಾಲದ ಮಳೆ ಬಂತು. ತಲೆಯ ಮೇಲೆ ತಟ್ಟು ಹೊದಿಸಿ ಎಂದು ಯಾರೋ ಕೂಗಿದರು. ಒಲೆಯ ಮುಂದಿದ್ದ ಮಾಮಾ ತಟ್ಟು ತೆಗೆದುಕೊಂಡು ತಗ್ಗಿಗೆ ಇಳಿದ. ಕೆಮ್ಮಣ್ಣಿನ ಗೋಡೆ ಜಾರಿತು. ನಿಂತ ನಿಲುವಿನಲ್ಲೇ ಕುತ್ತಿಗೆಮಟ ಹೂತುಹೋದ. ಮುಂದೆ ಚಾಚಿದ್ದ ಬಲಗೈ ಮಾತ್ರ ಹೊರಗಿತ್ತು. ಆಸರೆಗೆ ಸಿಕ್ಕಿದ್ದು ಆ ತಲೆ. ಕಣ್ಣಿನ ತೂತಿನಲ್ಲಿ ಬೆರಳು ಸಿಕ್ಕಿಸಿ ಹಿಡಿದುಕೊಂಡ. ಅದರ ಮುಖಕ್ಕೂ ಇವನ ಮುಖಕ್ಕೂ ಒಂದು ಗೇಣು. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಹಾಗೇ ಇದ್ದ. ಗುದ್ದಲಿ ಹಚ್ಚಲು ಬಿಡಲಿಲ್ಲವಂತೆ, ಮನುಷ್ಯನಿಗೆ ಬಡಿಯುತ್ತದೆಯೋ ತಲೆಗೆ ಬಡಿಯುತ್ತದೆಯೋ ಎಂದು. ಕೈಯಲ್ಲೇ ಮಣ್ಣು ತೆಗೆದರು. ಕೂಲಿಯ ಹೆಂಗಸೊಬ್ಬಳು ಅಂಚಿನಲ್ಲಿ ಮಲಗಿ, ಒದ್ದೆ ಬಟ್ಟೆ ಹಿಂಡಿ ಅವನ ಬಾಯಿಗೆ ಹನಿಸುತ್ತಿದ್ದಳು. ಅವನಿಗೆ ನಾಲ್ಕು ಹನಿ ಬಿದ್ದರೆ ಅದರ ಮೇಲೂ ನಾಲ್ಕು ಬೀಳುತ್ತಿದ್ದವು. ಕೊನೆಗೆ ಎಲ್ಲರೂ ಸೇರಿ ಎಳೆದಾಗ ಕೈ ಬಿಡಲಿಲ್ಲ, ಕಣ್ಣು ಮುರಿದು ಕೈಯಲ್ಲೇ ಬಂತು. ಮುರಿದದ್ದು ಗೊತ್ತಾದರೆ ಪೊಲೀಸರಿಗೆ ಕೊಡುತ್ತಾರೆ ಎಂದು ಅಂಜಿ ಧೋತರದಲ್ಲಿ ಮುಚ್ಚಿಕೊಂಡ. ಯಾರಿಗೂ ಹೇಳಬಾರದೆಂದು ಅತ್ತಿಯಿಂದ ಆಣೆ ಮಾಡಿಸಿಕೊಂಡಿದ್ದ.

"ಆಮ್ಯಾಲ ಆಮ್ಯಾಲ ನನಗೊಂದು ಮಾತ ಹೇಳಿದ್ರು" ಎಂದಳು ಅತ್ತಿ. ದನಿ ಇಳಿದಿತ್ತು. "ಹೊತ್ತು ಇಳದಂಗ ಅದರ ಕಣ್ಣಾಗ ಬೆಳಕು ಬಂತಂತ. ಯಾರು ಯಾರನ್ನ ಅಗದು ತಗ್ಯಾಕತ್ತಾರ, ನನಗ ತಿಳೀಲಿಲ್ಲ ನಿಂಗಿ, ಅಂದ್ರು. ಮ್ಯಾಲ ಬಂದಾವ ನಾನೋ ಅದೋ ಇನ್ನೂ ತಿಳಿವಲ್ದು, ಅಂದ್ರು."

ಮಿಷಿನ್ನು ನಿಂತ ಮನೆಯಲ್ಲಿ ನಾವಿಬ್ಬರೇ. ನನಗೆ ಬಾವಿಯ ಆ ಎರಡು ಕಣ್ಣು ನೆನಪಾದವು. ನನ್ನನ್ನು ಗುರುತಿಸದ ಕಣ್ಣು.

ಅದಕ್ಕೇ ಎಸೆಯಲು ಹೇಳಿದೆಯಾ ಎಂದು ಕೇಳಿದೆ. ಹೌದು ಎಂದಳು. ಅದು ಹೋದರೆ ಅವನು ಬರುತ್ತಾನೆ ಎಂದುಕೊಂಡಿದ್ದಳಂತೆ. ಹುಟ್ಟುವ ಕೂಸಿಗೆ ಅಪ್ಪ ಬೇಕಾಗಿತ್ತು. ಬಂದನೇ ಎಂದು ನಾನು ಕೇಳಲಿಲ್ಲ. ಮೂರು ಮಕ್ಕಳಾದವು, ಹಿರಿಯರು ಹೋದರು, ಕುರಿ ಮಾರಿ ಗದ್ದೆ ಮಾಡಿದರು, ಅಷ್ಟು ವರ್ಷ ಒಂದೇ ಗಂಗಾಳದಲ್ಲಿ ಉಂಡರು. ಅವಳೇ ಎಲುಬನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಕಡೆ ತಳ್ಳಿದಳು.

"ಅವರಿಗೆ ಕಾಗದ ಬರಿ. ಅದರದ್ದು ಅದಕ್ಕ ಸೇರಲಿ."

ಬರೆದೆ. ತಿಂಗಳೊಪ್ಪತ್ತಿಗೆ ಸಂಗ್ರಹಾಲಯದಿಂದ ಒಬ್ಬಳು ತರುಣಿ ಬಂದಳು, ಬೆಂಗಳೂರು ಕಡೆಯ ಮೆತ್ತನೆ ಕನ್ನಡದವಳು. ನಾನು ಅವಳನ್ನು ರಂಗಂಪೇಟೆಗೇ ಕರೆದುಕೊಂಡು ಹೋದೆ. ತಲೆಯ ಎಡಭಾಗದ ಅಚ್ಚನ್ನು ಅವಳು ಪೆಟ್ಟಿಗೆಯಲ್ಲಿ ತಂದಿದ್ದಳು. ಪಡಸಾಲೆಯಲ್ಲಿ ಚಾಪೆ ಹಾಸಿ ಅದನ್ನಿಟ್ಟು, ನಮ್ಮ ಎಲುಬನ್ನು ಎರಡೂ ಕೈಯಿಂದ ಹಿಡಿದು, ಮುರಿದ ಬದಿಗೆ ಮುರಿದ ಬದಿ ಹೊಂದಿಸಿದಳು. ಬಾಗಿಲ ಚಿಲಕ ಬಿದ್ದಂಥ ಸಣ್ಣ ಸದ್ದಾಯಿತು. ಮೊಮ್ಮಕ್ಕಳು ಹಿಂದೆ ಸರಿದು ಗೋಡೆಗೆ ಆನಿಕೊಂಡರು. ನಾನು ಅಭ್ಯಾಸಬಲದಿಂದ ಕಿಟಕಿ ಕಡೆ ತಿರುಗಿ ನಿಂತಿದ್ದೆ. ಅತ್ತಿ ಒಬ್ಬಳೇ ಅದರ ಎದುರಿಗೆ ಕೂತು, ಅದು ನೋಡುವಷ್ಟು ಹೊತ್ತು ತಾನೂ ನೋಡಿದಳು.

ಮುರಿದದ್ದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಎಲುಬು ಮುರಿಯುತ್ತವೆ, ಇಷ್ಟು ವರ್ಷ ಕಾಪಾಡಿದಿರಲ್ಲ ಎಂದು ತರುಣಿ ಹೇಳಿದಳು. ತಲೆಯನ್ನು ಹೊರತೆಗೆಯುವಾಗ ಸಾವಿಗೆ ಅಷ್ಟು ಹತ್ತಿರ ಹೋಗಿ ಬಂದವರ ಹೆಸರು ತಮ್ಮ ಕಾಗದಗಳಲ್ಲಿ ಎಲ್ಲೂ ಇಲ್ಲ, ಅಡುಗೆಯವನು ಎಂದಷ್ಟೇ ಇದೆ, ಈಗ ಸೇರಿಸುತ್ತೇವೆ ಎಂದು ಪೆನ್ನು ತೆಗೆದಳು.

"ಅವರ ಹೆಸರೇನಮ್ಮ?"

ನಾನು ಹೇಳಲು ಬಾಯಿ ತೆರೆದೆ. ಅತ್ತಿ ಕೈ ಎತ್ತಿ ನನ್ನನ್ನು ತಡೆದಳು. ನಮ್ಮ ಕಡೆಯ ಹಳೇ ಹೆಂಗಸರು ಗಂಡನ ಹೆಸರು ಹಿಡಿಯುವುದಿಲ್ಲ. ಹಿಡಿದರೆ ಆಯುಷ್ಯ ಕಡಿಮೆ ಎಂಬ ನಂಬಿಕೆ. ರೇಷನ್ ಅಂಗಡಿಯಲ್ಲಿ ಕೇಳಿದರೂ ಅತ್ತಿ ಮೊಮ್ಮಗನನ್ನು ಮುಂದೆ ಮಾಡುತ್ತಿದ್ದಳು. ಮಾಮಾ ಸತ್ತ ದಿನ ಬರೆದುಕೊಳ್ಳಲು ಬಂದವರಿಗೂ ಮಗನನ್ನು ಕೇಳಿ ಎಂದಿದ್ದಳು. ಅವಳ ಬಾಯಲ್ಲಿ ಆ ಹೆಸರನ್ನು ನಾನು ಒಮ್ಮೆಯೂ ಕೇಳಿದವಳಲ್ಲ.

"ಚಂದಪ್ಪ" ಎಂದಳು.

ಮೆಲ್ಲಗೆ ಹೇಳಿದ್ದರಿಂದ ತರುಣಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಎಂದಳು. ಎರಡನೇ ಸಲ ಅತ್ತಿ ಎತ್ತರದ ದನಿಯಲ್ಲಿ ಹೇಳಿದಳು, ಹೊಲದಲ್ಲಿದ್ದವರನ್ನು ಊಟಕ್ಕೆ ಕರೆಯುವ ಹಾಗೆ. ಹೇಳಿ, ಹಿತ್ತಲ ಬಾಗಿಲ ಕಡೆ ತಿರುಗಿ ಕಾದಳು. ಪೆನ್ನು ಹಿಡಿದ ತರುಣಿ ಬರೆಯುವುದನ್ನು ಬಿಟ್ಟು ಅತ್ತ ನೋಡಿದಳು. ನಾನೂ ನೋಡಿದೆ.